ರೈಲಿನಲ್ಲಿ ಕಡಲೆಕಾಯಿ ಜೋಡಿಸಿದ ಅಮ್ಮನಿಗೆ

ಹೋದ ಭಾನುವಾರ ಬೆಂಗಳೂರಿಂದ ಮೈಸೂರಿಗೆ ಹೋಗುವಾಗ ಎದುರು ಸೀಟಿನಲ್ಲಿದ್ದ ಹಸಿರು ಸೀರೆಯ ಅಮ್ಮ, ನಿಮ್ಮ ಹೆಸರು ಕೇಳೋದೇ ಮರೆತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗಳು 2, 6, 12, 20, 30 ಆದಮೇಲೆ ಏನು ಬರುತ್ತೆ ಅಂತ ತಿಳಿಯದೆ ಮುಖ ಊದಿಸಿಕೊಂಡಿದ್ದಳು. ನಾನು ಜಾಣನ ಹಾಗೆ, ವ್ಯತ್ಯಾಸ ನೋಡು, 4, 6, 8, 10, ಮುಂದಿನದು 12, ಹಾಗಾಗಿ 42 ಅಂದೆ. ಉತ್ತರ ಸರಿಯೇ. ಆದರೆ ಅವಳು 'ಅಪ್ಪಾ, ನೂರನೆಯದು ಎಷ್ಟು?' ಅಂದಾಗ ಬಾಯಿ ಕಟ್ಟಿಹೋಯಿತು. ನೂರು ಸಲ ಕೂಡಿಸೋಕೆ ಆಗುತ್ತಾ?

ನೀವು ಪೊಟ್ಟಣದಿಂದ ಕಡಲೆಕಾಯಿ ತೆಗೆದು ಅವಳ ಪುಸ್ತಕದ ಮೇಲೆ ಸುಮ್ನೆ ಜೋಡಿಸುತ್ತಾ ಹೋದಿರಿ. ಒಂದು ಸಾಲು, ಅದರಲ್ಲಿ ಎರಡು. ಆಮೇಲೆ ಎರಡು ಸಾಲು, ಮೂರು ಮೂರು. ಆಮೇಲೆ ಮೂರು ಸಾಲು, ನಾಲ್ಕು ನಾಲ್ಕು. 'ಈಗ ಹೇಳು ಪುಟ್ಟಿ' ಅಂದಿರಿ, ಅಷ್ಟೇ. ಅವಳೇ ಕೂಗಿದಳು: 100 ಸಾಲು, ಸಾಲಿಗೆ 101, ಅಂದರೆ 10,100!

ಅಲ್ಲಿಗೂ ನಿಲ್ಲಿಸಲಿಲ್ಲ ನೀವು. ಮೂರು ಸಾಲಿನ ಆ ಆಯತವನ್ನು ಮೆಟ್ಟಿಲಿನ ಹಾಗೆ ಎರಡು ಪಾಲು ಮಾಡಿದಿರಿ, ಒಂದೊಂದರಲ್ಲೂ 1, 2, 3 ಕಾಯಿ. ಹಾಗಾದರೆ 1ರಿಂದ 100ರವರೆಗೆ ಕೂಡಿಸಿದರೆ 100 ಸಾಲಿನ ಆಯತದ 10,100ರಲ್ಲಿ ಅರ್ಧ, 5,050. ಇದರ ಸೂತ್ರ ನಾನು ಹತ್ತನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ, ಯಾಕೆ ಅಂತ ಗೊತ್ತಾಗಿದ್ದು ಈಗ!

ಮದ್ದೂರಲ್ಲಿ ನೀವು ಇಳಿದಿರಿ, ಪೊಟ್ಟಣ ಅವಳ ಕೈಗೇ ಕೊಟ್ಟು. ಮೈಸೂರು ಬರುವಷ್ಟರಲ್ಲಿ ಜೋಡಿಸಿ ಜೋಡಿಸಿ ಅಷ್ಟನ್ನೂ ತಿಂದು ಮುಗಿಸಿದಳು. ತುಂಬಾ ಥ್ಯಾಂಕ್ಸ್ ಅಮ್ಮಾ.