ಏಳನೇ ಹಲಗೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಕ್ಯಾಮೆರಾ ಕೊಂಡು ಮೂರು ತಿಂಗಳಾಯಿತು, ಬೆಂಗಳೂರಿನಲ್ಲಿ ತೆಗೆಯುವಂಥದ್ದು ಏನೂ ಸಿಗ್ತಿಲ್ಲ, ನಿನಗಾದರೆ ಕಾಸರಗೋಡಿನಲ್ಲಿ ಬೇಕಲ ಕೋಟೆ ಉಂಟು, ಸಮುದ್ರ ಉಂಟು, ತೋಟ ಉಂಟು ಅಂತ ಬರೆದಿದ್ದೀಯ. ಎರಡು ದಿನ ಅದೇ ತಲೆಯಲ್ಲಿತ್ತು. ಫೋನಿನಲ್ಲಿ ನಾಲ್ಕು ಸಾಲು ಬರೆದು ಮುಗಿಸುವ ವಿಷಯ ಇದಲ್ಲ. ನಿನ್ನ ಹಾಗೆಯೇ ಕೇಳಿದವರು ಇನ್ನೂ ಇಬ್ಬರು ಮೂವರು ಇದ್ದಾರೆ. ಅವರೂ ಓದಲಿ ಅಂತ ಪತ್ರವನ್ನು ಇಲ್ಲೇ ಹಾಕುತ್ತಿದ್ದೇನೆ.

ಬೇಕಲಕ್ಕೆ ನಾನೂ ಹೋಗಿದ್ದೇನೆ ಮಾರಾಯ. ಆರೇಳು ಸಲ ಹೋಗಿದ್ದೇನೆ. ಕಿಂಡಿಯಿಂದ ಕಾಣುವ ಸಮುದ್ರ, ಬುರುಜಿನ ಮೇಲಿಂದ ಸೂರ್ಯ ಮುಳುಗುವುದು, ಎಲ್ಲ ಚಂದವೇ. ಆದರೆ ನಾನು ನಿಂತ ಕಿಂಡಿಯ ಹತ್ತಿರವೇ ಇನ್ನೂ ಹತ್ತು ಜನ ಸರದಿ ಕಾಯುತ್ತಿರುತ್ತಾರೆ. ಕೆಳದಿಯ ಶಿವಪ್ಪನಾಯಕ ಕಟ್ಟಿಸಿದ ಕೋಟೆ ಅದು. ಮುನ್ನೂರೈವತ್ತಕ್ಕೂ ಹೆಚ್ಚು ವರ್ಷದಿಂದ ಅಲ್ಲೇ ಉಂಟು, ನಾಳೆಯೂ ಇರುತ್ತದೆ. ನಾನು ತೆಗೆಯದಿದ್ದರೆ ಇನ್ನೊಬ್ಬರು ತೆಗೆಯುತ್ತಾರೆ. ಹಾಗಾದರೆ ನಾನು ತೆಗೆಯದಿದ್ದರೆ ಯಾರೂ ತೆಗೆಯದಂಥದ್ದು ನನ್ನ ಸುತ್ತಮುತ್ತ ಏನುಂಟು? ಆ ಪ್ರಶ್ನೆ ಬಂದ ಮೇಲೆಯೇ ನನಗೆ ಫೋಟೋದ ರುಚಿ ಹತ್ತಿದ್ದು.

ಒಂದು ದಿನ ಬದಿಯಡ್ಕದ ಹತ್ತಿರದ ಒಂದು ಒಳದಾರಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಬೆಳಗ್ಗೆ ಆರೂಮುಕ್ಕಾಲು ಇರಬಹುದು. ಎದುರಿನ ದಿನಸಿ ಅಂಗಡಿಯ ಅಜ್ಜ ಬಾಗಿಲು ತೆಗೆಯುತ್ತಿದ್ದರು. ಹಲಗೆ ಬಾಗಿಲು. ನೀನು ನೋಡಿದ್ದೀಯೋ ಇಲ್ಲವೋ, ಸ್ವಲ್ಪ ಹೇಳುತ್ತೇನೆ. ಶಟರ್ ಬರುವ ಮೊದಲು ನಮ್ಮ ಕಡೆಯ ಅಂಗಡಿಗಳಿಗೆ ಇದೇ ಬಾಗಿಲು. ಹೊಸ್ತಿಲಿನಲ್ಲೂ ಮೇಲಿನ ತೊಲೆಯಲ್ಲೂ ಉದ್ದಕ್ಕೆ ಸಂದು ಕೊರೆದಿರುತ್ತಾರೆ. ಒಂದು ಕೊನೆಯಲ್ಲಿ ಮಾತ್ರ ಆ ಸಂದು ಬಾಯಿ ಬಿಟ್ಟಿರುತ್ತದೆ. ಅಲ್ಲಿಂದ ಒಂದೊಂದೇ ಹಲಗೆ ತೂರಿಸಿ ಪಕ್ಕಕ್ಕೆ ಸರಿಸುತ್ತಾ ಹೋಗಬೇಕು. ಕೊನೆಯದು ಕೂತ ಮೇಲೆ ಅಡ್ಡಕ್ಕೊಂದು ಕಬ್ಬಿಣದ ಪಟ್ಟಿ, ಅದಕ್ಕೆ ಬೀಗ. ಮಲಯಾಳದಲ್ಲಿ ಇದನ್ನು ನಿರಪ್ಪಲಕ ಎನ್ನುತ್ತಾರೆ, ಸಾಲು ಹಲಗೆ ಅಂತ. ಕೈಯಲ್ಲಿ ಮಾಡಿದ್ದಾದ್ದರಿಂದ ಒಂದು ಹಲಗೆಯ ಜಾಗದಲ್ಲಿ ಇನ್ನೊಂದು ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಪ್ರತಿಯೊಂದಕ್ಕೂ ನಂಬರ್ ಬರೆದಿರುತ್ತಾರೆ.

ಅಜ್ಜ ಒಂದೊಂದಾಗಿ ತೆಗೆದು ಗೋಡೆಗೆ ಒರಗಿಸುತ್ತಿದ್ದರು. ೧೧, ೧೦, ೯, ೮. ಕಪ್ಪು ಪೇಯಿಂಟಿನಲ್ಲಿ ಬರೆದ ಕನ್ನಡ ಅಂಕಿ, ದಿನಾ ಕೈ ತಾಗಿ ತಾಗಿ ಅಂಚು ಮಾಸಿದೆ. ಮರ ಹಲಸಿನದ್ದು, ಹಳೆಯದಾಗಿ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಎಂಟರ ನಂತರ ಬಂದ ಹಲಗೆ ಮಾತ್ರ ಬೇರೆ. ಬಣ್ಣ ತಿಳಿ, ಮೇಲೆ ಬರೆದದ್ದು 7. ಅದಾದ ಮೇಲೆ ಮತ್ತೆ ೬, ೫, ೪. ಬಸ್ಸು ಬಂತು. ನಾನು ಹತ್ತಲಿಲ್ಲ.

"ಏಳನೇದು ಯಾಕೆ ಹಾಗೆ?" ಅಂತ ಕೇಳಿದೆ.

"ಉಳಿದದ್ದೆಲ್ಲ ಅಪ್ಪ ಬರೆದದ್ದು. ಏಳನೇದಕ್ಕೆ ಮಾಡಿನ ನೀರು ಬಿದ್ದು ಕುಂಬಾಯಿತು, ಕೊಳೆತೇ ಹೋಯಿತು. ಹೊಸತು ಮಾಡಿಸಿದ್ದು ನಾನು. ನಾನು ಅಂಕಿ ಕಲಿತದ್ದು ಹಾಗೆ ಅಲ್ವಾ" ಎಂದರು. ಹೇಳಿ, ಅಕ್ಕಿ ಗೋಣಿಯ ಬಾಯಿ ಬಿಚ್ಚಲು ಒಳಗೆ ಹೋದರು.

ಅಂಗಡಿ ಶುರುವಾದದ್ದು ಈ ಊರು ಮದ್ರಾಸಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಆ ಹನ್ನೊಂದು ಹಲಗೆ ದಿನಾ ಬೆಳಗ್ಗೆ ಹೊರಗೆ, ರಾತ್ರಿ ಒಳಗೆ, ಅದೇ ಲೆಕ್ಕದಲ್ಲಿ ಹೋಗಿ ಬರುತ್ತಲೇ ಇವೆ. ಗಡಿಯ ಬಗ್ಗೆ ಎಷ್ಟೋ ಭಾಷಣ ಕೇಳಿದ್ದೇನೆ. ಆ ಹಲಗೆಗಳ ಮುಂದೆ ನಿಂತಾಗ ಅನ್ನಿಸಿದ್ದು ಯಾವ ಭಾಷಣದಲ್ಲೂ ಅನ್ನಿಸಿರಲಿಲ್ಲ.

ಅವತ್ತೇ ನಿರ್ಧಾರ ಮಾಡಿದೆ. ಒಂದು ವರ್ಷ, ಭಾನುವಾರ ಭಾನುವಾರ, ಹಲಗೆ ಬಾಗಿಲಿನ ಅಂಗಡಿ ಮಾತ್ರ. ಬೇರೆ ಏನನ್ನೂ ತೆಗೆಯುವುದಿಲ್ಲ. 50 ಎಂ.ಎಂ. ಲೆನ್ಸ್ ಒಂದೇ, ನೇರ ಎದುರು ನಿಂತು, ಬಾಗಿಲು ಹಾಕಿದಾಗ ಒಂದು, ತೆಗೆದ ಮೇಲೆ ಒಂದು. ಕುಂಬಳೆ, ಸೀತಾಂಗೋಳಿ, ನೀರ್ಚಾಲು, ಪೆರ್ಲ, ಮುಳ್ಳೇರಿಯ, ಹೀಗೆ ಬೈಕಿನಲ್ಲಿ ಸುತ್ತಿದೆ. ಒಟ್ಟು 31 ಅಂಗಡಿಯ ಫೋಟೋ ಸಿಕ್ಕಿತು. ಕೆಲವದರಲ್ಲಿ ಅಂಕಿಯೇ ಇಲ್ಲ, ಉಳಿಯಲ್ಲಿ ಗೀರು ಹಾಕಿದ್ದಾರೆ, ಒಂದು ಗೀರು, ಎರಡು ಗೀರು. ಒಂದರಲ್ಲಿ ಮಲಯಾಳ ಅಕ್ಷರ. ಒಂದರ ಒಳಮೈಯಲ್ಲಿ ಸಾಲದ ಲೆಕ್ಕ ಸೀಮೆಸುಣ್ಣದಲ್ಲಿ ಬರೆದದ್ದು ಹಾಗೇ ಉಳಿದಿದೆ.

ಇಷ್ಟು ಸಣ್ಣ ಹಟ ಹಿಡಿದದ್ದರಿಂದ ಆದ ಲಾಭ ಏನು ಅಂದರೆ, ಕಣ್ಣು ತೆರೆಯಿತು. ಒಂದೇ ವಿಷಯವನ್ನು ಮೂವತ್ತು ಸಲ ನೋಡಿದಾಗ ಬೆಳಕು ಏನು ಮಾಡುತ್ತದೆ ಅಂತ ಗೊತ್ತಾಗುತ್ತದೆ. ಬೆಳಗಿನ ಓರೆ ಬಿಸಿಲಿಗೆ ಮರದ ಎಳೆ ಎದ್ದು ಬರುತ್ತದೆ, ಮಧ್ಯಾಹ್ನ ಅದೇ ಹಲಗೆ ಸಪ್ಪೆ. ಮಳೆಗಾಲದ ಮೋಡದ ಬೆಳಕು ನನಗೆ ಎಲ್ಲಕ್ಕಿಂತ ಇಷ್ಟ. ನೆರಳು ಗಟ್ಟಿಯಾಗಿ ಬೀಳುವುದಿಲ್ಲ, ಒದ್ದೆ ಮುರಕಲ್ಲಿನ ಕೆಂಪು ಕಣ್ಣು ತುಂಬುತ್ತದೆ. ಕಷ್ಟ ಆದದ್ದು ತೆರೆದ ಅಂಗಡಿಯಲ್ಲಿ. ಒಳಗೆ ಕತ್ತಲೆ, ಬಾಗಿಲಲ್ಲಿ ಬಿಳಿ ಮುಂಡು ಉಟ್ಟ ಮನುಷ್ಯ. ಕ್ಯಾಮೆರಾ ಕತ್ತಲೆಯನ್ನು ನೋಡಿ ಬೆಳಕು ಜಾಸ್ತಿ ಮಾಡುತ್ತದೆ, ಮುಂಡು ಬರೀ ಬಿಳಿ ಕಲೆಯಾಗುತ್ತದೆ, ನೆರಿಗೆಯೇ ಕಾಣುವುದಿಲ್ಲ. ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಒಳಬರುವ ಬೆಳಕನ್ನು ಅರ್ಧಕ್ಕೆ, ಕಡಿಮೆ ಮಾಡಿದರೆ ನೆರಿಗೆ ಬರುತ್ತದೆ, ಕತ್ತಲೆ ಕತ್ತಲೆಯಾಗಿಯೇ ಉಳಿಯುತ್ತದೆ. ಅಂಗಡಿಯೊಳಗೆ ನಿಜವಾಗಿಯೂ ಕತ್ತಲೆಯೇ ಇರುವುದು, ಇರಲಿ ಬಿಡು.

ಲೆನ್ಸಿನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಬ್ಯಾಗಿನಲ್ಲಿ ಮುಚ್ಚಿಟ್ಟ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬೂಷ್ಟು ಬಂದಿತ್ತು. ಈಗ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಇಡುತ್ತೇನೆ, ಆಗಾಗ ತೆಗೆದು ಬೆಳಕಿಗೆ ಹಿಡಿಯುತ್ತೇನೆ. ನೀನು ಇಲ್ಲಿಗೆ ಬರುವಾಗ ಅಂಥದ್ದೊಂದು ಡಬ್ಬಿ ಮರೆಯದೆ ತಾ.

ಜನರ ವಿಷಯ ಇದಕ್ಕಿಂತ ಮುಖ್ಯ. ಕೇಳದೆ ಒಂದು ಫೋಟೋವನ್ನೂ ತೆಗೆಯಲಿಲ್ಲ. ಶುರುವಿನಲ್ಲಿ ಹೆಚ್ಚಿನವರು ಕೇಳಿದ್ದು ಒಂದೇ ಪ್ರಶ್ನೆ: "ರಸ್ತೆ ಅಗಲ ಮಾಡ್ಲಿಕ್ಕೆ ಅಳತೆಗೆ ಬಂದದ್ದಾ?" ಗಡಿಯ ತಲಪಾಡಿಯಿಂದ ಈಚೆಗೆ ರಾಷ್ಟ್ರೀಯ ಹೆದ್ದಾರಿ 66 ಆರು ಲೇನ್ ಆಗುವಾಗ ರಸ್ತೆ ಬದಿಯ ಎಷ್ಟು ಅಂಗಡಿ ಹೋಯಿತು ಅಂತ ಕಣ್ಣಾರೆ ನೋಡಿದವರು ಅವರು. ಹೆದರಿಕೆ ಸಹಜ. ಇಬ್ಬರು ಬೇಡ ಎಂದರು, ಚಹಾ ಕುಡಿದು ವಾಪಸು ಬಂದೆ. ಉಳಿದವರಿಗೆ ಫೋಟೋ ಪ್ರಿಂಟ್ ಹಾಕಿಸಿ ಮುಂದಿನ ವಾರ ಕೊಟ್ಟೆ. ಒಂದು 6×8 ಇಂಚಿನ ಪ್ರಿಂಟ್ ಕೈಗೆ ಕೊಟ್ಟರೆ ಆಗುವ ಸಂತೋಷ ಫೋನಿನಲ್ಲಿ ಕಳಿಸಿದರೆ ಆಗುವುದಿಲ್ಲ. ಇದನ್ನು ಮಾತ್ರ ನೀನು ತಪ್ಪಿಸಬೇಡ.

ಆ ಪ್ರಿಂಟುಗಳೇ ನನ್ನನ್ನು ಕಾಪಾಡಿದ್ದು. ಮೊದಲ ನಾಲ್ಕು ತಿಂಗಳ ಎಲ್ಲ ಫೋಟೋ ಒಂದೇ ಹಾರ್ಡ್ ಡಿಸ್ಕಿನಲ್ಲಿ ಇತ್ತು. ಅದು ಕೈಕೊಟ್ಟಿತು. ಪೇಟೆಯ ಒಂದು ರಿಪೇರಿ ಅಂಗಡಿಗೆ ಒಯ್ದೆ. ಒಳಗೆ ಇದ್ದದ್ದು ಬೇಕು ಅಂತ ಎರಡು ಸಲ ಹೇಳಿದ್ದೆ. ಅವರು ಫಾರ್ಮ್ಯಾಟ್ ಮಾಡಿ, ಈಗ ಸರಿಯಾಗಿದೆ ಅಂತ ಕೊಟ್ಟರು. ಹನ್ನೊಂದು ಅಂಗಡಿ ಹೋಯಿತು. ಆ ರಾತ್ರಿ ಊಟ ಸೇರಲಿಲ್ಲ ಗೆಳೆಯಾ.

ಮರುವಾರ ಅದೇ ಹನ್ನೊಂದು ಅಂಗಡಿಗೆ ಮತ್ತೆ ಹೋದೆ, ನಾನೇ ಕೊಟ್ಟ ಪ್ರಿಂಟ್ ಕೇಳಲಿಕ್ಕೆ. ಒಬ್ಬರು ದೇವರ ಪಟದ ಪಕ್ಕದಿಂದ ಇಳಿಸಿ ಕೊಟ್ಟರು, ಮೂಲೆಯಲ್ಲಿ ಊದುಬತ್ತಿಯ ಹೊಗೆ. ಒಬ್ಬರು ಸಾಲದ ಪುಸ್ತಕದ ನಡುವೆ ಇಟ್ಟಿದ್ದರು. ಕಿಟಕಿಯ ಹತ್ತಿರ ಮೇಜಿನ ಮೇಲೆ ಮಲಗಿಸಿ, ಫ್ಲ್ಯಾಶ್ ಇಲ್ಲದೆ, ನೇರ ಮೇಲಿನಿಂದ ಮತ್ತೆ ತೆಗೆದೆ. ಹತ್ತು ಸಿಕ್ಕಿತು. ಹನ್ನೊಂದನೆಯದನ್ನು ಅವರು ದುಬೈಯಲ್ಲಿರುವ ಮಗನಿಗೆ ಕಳಿಸಿಬಿಟ್ಟಿದ್ದರು. ಆ ಅಂಗಡಿಯೋ, ಅಷ್ಟರಲ್ಲಿ ಹಲಗೆ ಕಿತ್ತು ಶಟರ್ ಹಾಕಿಸಿ ಆಗಿತ್ತು. ಫೋನ್ ಮಾಡಿ ಕೇಳಿದ್ದಕ್ಕೆ ಮಗ ತನ್ನ ರೂಮಿನಲ್ಲಿ ಪ್ರಿಂಟ್ ಹಿಡಿದುಕೊಂಡು ಮೊಬೈಲಿನಲ್ಲಿ ತೆಗೆದು ಕಳಿಸಿದ. ಎಡಗಡೆ ಕೆಳಗೆ ಅವನ ಹೆಬ್ಬೆರಳು ಕಾಣುತ್ತದೆ. ಅದನ್ನು ಕತ್ತರಿಸಲು ನನಗೆ ಮನಸ್ಸು ಬರಲಿಲ್ಲ. ನನ್ನ 31ರಲ್ಲಿ ಅದೂ ಒಂದು, ಹೆಬ್ಬೆರಳಿನ ಸಮೇತ. ಈಗ ಎಲ್ಲವನ್ನೂ ಮೂರು ಕಡೆ ಇಟ್ಟಿದ್ದೇನೆ, ಅದರಲ್ಲಿ ಒಂದು ಅಣ್ಣನ ಮನೆಯಲ್ಲಿ.

ಇಂಥ ಕೆಲಸ ಹೊಸದೇನೂ ಅಲ್ಲ. ಪ್ಯಾರಿಸ್‌ನಲ್ಲಿ ಯೂಜೀನ್ ಆಟ್ಜೆ ಎಂಬವನು ಮೂವತ್ತು ವರ್ಷ ದೊಡ್ಡ ಮರದ ಕ್ಯಾಮೆರಾ, ಗಾಜಿನ ಪ್ಲೇಟು ಹೊತ್ತುಕೊಂಡು ಹಳೇ ಅಂಗಡಿ, ಬಾಗಿಲು, ಮೆಟ್ಟಿಲು ತೆಗೆದ. 1927ರಲ್ಲಿ ತೀರಿಕೊಂಡ. ಅಷ್ಟು ದೂರ ಯಾಕೆ, ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರ ಫೋಟೋ ನೋಡು. ದೊಡ್ಡವರನ್ನೂ ತೆಗೆದರು, ಆದರೆ ಮನಸ್ಸಿನಲ್ಲಿ ನಿಲ್ಲುವುದು ಬೀದಿಯ ಮಕ್ಕಳು, ದುಡಿಯುವ ಸಾಮಾನ್ಯ ಜನ.

ಕ್ಯಾಮೆರಾವೂ ಬೇಕಂತಿಲ್ಲ. ನನ್ನ ಅತ್ತಿಗೆ ಮೊಬೈಲಿನಲ್ಲಿ ದಿನಾ ಬೆಳಗ್ಗೆ ಜಗಲಿಯ ಒಂದೇ ಮೆಟ್ಟಿಲಿನಿಂದ ಅಂಗಳದ ಫೋಟೋ ತೆಗೆಯುತ್ತಾರೆ. ಸುಮ್ನೆ ಶುರು ಮಾಡಿದ್ದಂತೆ. ಮೊನ್ನೆ ಒಟ್ಟಿಗೆ ನೋಡಿದೆವು. ಆಟಿ ತಿಂಗಳ ಜಡಿಮಳೆಯಲ್ಲಿ ಅಂಗಳ ಪೂರ್ತಿ ಹಸಿರು ಪಾಚಿ. ಮಳೆ ಬಿಟ್ಟ ಮೇಲೆ ಹೆರೆಸಿ, ಸೆಗಣಿ ಸಾರಿಸಿದ್ದು. ಆಮೇಲೆ ಅಡಿಕೆ ಬಂತು. ಮೊದಲ ದಿನ ಕಿತ್ತಳೆ ಹಳದಿ, ವಾರ ಕಳೆದಂತೆ ಕಂದು, ನಲವತ್ತು ದಿನ ದಾಟುವಾಗ ಬೂದಿ ಬಣ್ಣ. ನಡುವೆ ಒಂದು ಫೋಟೋದಲ್ಲಿ ಅಡಿಕೆಯ ಮೇಲೆ ಟಾರ್ಪಾಲು, ಅಕಾಲ ಮಳೆ ಬಂದ ದಿನ. ಇನ್ನೊಂದರಲ್ಲಿ ಅಂಗಳದ ತುಂಬ ಚಪ್ಪಲಿ. ಅದು ದೊಡ್ಡತ್ತೆ ತೀರಿಕೊಂಡ ದಿನ. ಅವತ್ತೂ ಅತ್ತಿಗೆ ಅದೇ ಮೆಟ್ಟಿಲಿಗೆ ಬಂದು ತೆಗೆದಿದ್ದಾರೆ. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಿನಗೆ ಏನೂ ಸಿಗುವುದಿಲ್ಲ ಅಂದೆಯಲ್ಲ? ನಿನ್ನ ಮನೆ ಬೀದಿಯ ತಿರುವಿನಲ್ಲಿ ಮರದಡಿ ಇಸ್ತ್ರಿ ಗಾಡಿ ಉಂಟು, ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ಹೋದ ಸಲ ಬಂದಾಗ ನಾನು ಅಲ್ಲೇ ಅಂಗಿ ಕೊಟ್ಟದ್ದು. ಅಲ್ಲಿಂದ ಶುರು ಮಾಡು. ಅವರ ಹತ್ತಿರ ಮೊದಲು ನಾಲ್ಕು ಮಾತಾಡು, ಕ್ಯಾಮೆರಾ ಆಮೇಲೆ ತೆಗಿ. ಒಂದು ಗಾಡಿಯಿಂದ ಇನ್ನೊಂದು ಗಾಡಿಗೆ ಅವರೇ ದಾರಿ ಹೇಳುತ್ತಾರೆ.

ಇನ್ನೊಂದು ಸಂಗತಿ. ಆ ಅಜ್ಜನ ಅಂಗಡಿಗೂ ಮುಂದಿನ ತಿಂಗಳು ಶಟರ್ ಬರುತ್ತದೆ. ದಿನಾ ಹನ್ನೊಂದು ಹಲಗೆ ಎತ್ತಲು ಅವರಿಗೆ ಸೊಂಟ ಕೇಳುವುದಿಲ್ಲ. ಹಲಗೆಗಳನ್ನು ಏನು ಮಾಡುತ್ತೀರಿ ಅಂತ ಕೇಳಿದೆ. "ಹಟ್ಟಿಗೆ ಬೇಕು, ಕರು ಕಟ್ಟುವಲ್ಲಿ ಗಾಳಿ ಬರ್ತದೆ" ಎಂದರು. ಹಟ್ಟಿಗೆ ಹೊಡೆಯುವ ಮೊದಲು ಎಲ್ಲ ಹಲಗೆಯನ್ನೂ ಅಂಗಳದಲ್ಲಿ ೧ರಿಂದ ೧೧ರವರೆಗೆ ಸಾಲಾಗಿ ಹಾಸಿ ಒಂದು ಫೋಟೋ ತೆಗೆಯುತ್ತೇನೆ ಎಂದೆ. ಒಪ್ಪಿದ್ದಾರೆ. ಹಲಸಿನ ಹಲಗೆ ಭಾರ, ಇಬ್ಬರು ಬೇಕು. ಶನಿವಾರ ರಾತ್ರಿ ಬಸ್ಸು ಹತ್ತು. ಕುಂಬಳೆಯಲ್ಲಿ ನಾನು ಕಾಯುತ್ತೇನೆ.

ನಿನ್ನ
ಗಡಿಯಾಚೆಯ ಗೆಳೆಯ