‘ಚೋಮನ ದುಡಿ’ಯನ್ನು ಇನ್ನು ನಮಗೆ ವಾಪಸ್ ಕೊಡಬೇಕಾಗಿಲ್ಲ

ಪ್ರಿಯ ಸದಸ್ಯರೇ,

ಮುಂದಿನ ತಿಂಗಳ ಒಂದನೇ ತಾರೀಕಿನಿಂದ ನಮ್ಮ ಪುಸ್ತಕ ಸಹಕಾರಿಯ ಒಂದು ನಿಯಮ ಬದಲಾಗುತ್ತದೆ. ಅದೂ ಒಂದೇ ಒಂದು ಪುಸ್ತಕಕ್ಕೆ. ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ಓದಿ ಮುಗಿಸಿದ ಮೇಲೆ ನಮಗೆ ತಂದುಕೊಡಬೇಡಿ. ಯಾರು ಓದಬೇಕು ಅಂತ ನಿಮಗೆ ಅನ್ನಿಸುತ್ತದೋ ಅವರ ಕೈಗೆ ನೀವೇ ಕೊಡಿ. ಅವರು ನಮ್ಮ ಸದಸ್ಯರೇ ಆಗಿರಬೇಕು ಅಂತಿಲ್ಲ. ಹದಿನೈದು ದಿನದ ಗಡುವು, ತಡವಾದರೆ ದಂಡ, ಎರಡೂ ಈ ಪುಸ್ತಕಕ್ಕೆ ಇರುವುದಿಲ್ಲ. ಜೊತೆಗೊಂದು ಖಾಲಿ ನೋಟ್‌ಬುಕ್ ಇರುತ್ತದೆ. ಓದಿದವರು ಅದರಲ್ಲಿ ಏನಾದರೂ ಬರೆದು ಮುಂದಕ್ಕೆ ಕಳಿಸಬೇಕು.

ಯಾಕೆ ಹೀಗೆ ಅಂತ ಹೇಳುವುದು ನಮ್ಮ ಕರ್ತವ್ಯ. ಯಾಕೆಂದರೆ ಇದರಲ್ಲಿ ನಮ್ಮ ತಪ್ಪೂ ಇದೆ.

ನಮ್ಮಲ್ಲಿ ಈ ಕಾದಂಬರಿಯ ನಾಲ್ಕು ಪ್ರತಿಗಳಿವೆ. ಒಯ್ದವರು ಒಬ್ಬರು, ತಂದುಕೊಡುವವರು ಇನ್ನೊಬ್ಬರು, ಇದು ಮೊದಲಿಂದಲೂ ನಡೆದಿದೆ. ಅಮ್ಮ ಒಯ್ದದ್ದನ್ನು ಮಗಳ ಗೆಳತಿ ತಂದುಕೊಡುತ್ತಾಳೆ. ನಡುವೆ ಎಷ್ಟು ಜನ ಓದಿದರು ಅಂತ ನಮ್ಮ ರಿಜಿಸ್ಟರಿಗೆ ಗೊತ್ತೇ ಇಲ್ಲ. ತಡವಾಯಿತು ಅಂತ ನಾವು ದಂಡ ಹಾಕುತ್ತಿದ್ದೆವು. ಪುಟಗಳ ಅಂಚಿನಲ್ಲಿ ಪೆನ್ಸಿಲ್ ಬರಹ ಕಂಡರೆ ರಬ್ಬರ್ ಹಿಡಿದು ಅಳಿಸುತ್ತಿದ್ದೆವು. ಮುಂದಿನವರಿಗೆ ಪುಸ್ತಕ ಚೊಕ್ಕವಾಗಿ ಸಿಗಲಿ ಅಂತ.

ಕಳೆದ ಮಳೆಗಾಲದಲ್ಲಿ ಹಾಗೆ ಅಳಿಸುತ್ತಾ ಕೂತಿದ್ದಾಗ ಒಂದು ಪುಟದಲ್ಲಿ ಕೈ ನಿಂತಿತು. ಚೋಮನ ಮಗ ನೀಲ ನೀರಿನಲ್ಲಿ ಮುಳುಗುವ ಭಾಗ. ಮುಟ್ಟಬಾರದವನ ಮಗು ಅಂತ ಯಾರೂ ಅವನನ್ನು ಎತ್ತುವುದಿಲ್ಲ. ಆ ಅಂಚಿನಲ್ಲಿ ಮೂರು ಬೇರೆ ಬೇರೆ ಕೈಬರಹಗಳಿದ್ದವು. ಒಬ್ಬರು, ದಡದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ ಅಂತ ತಮ್ಮನ್ನೇ ಕೇಳಿಕೊಂಡಿದ್ದರು. ಎರಡನೆಯವರು ಅದರ ಕೆಳಗೆ, ನಮ್ಮ ಅಜ್ಜ ಇಳಿಯುತ್ತಿರಲಿಲ್ಲ ಅಂತ ಬರೆದಿದ್ದರು. ಮೂರನೆಯವರು ಬರೆದದ್ದು ಒಂದೇ ಸಾಲು. ಮುಳುಗಿದ್ದು ನಮ್ಮ ಕಡೆಯ ಮಗು ಅಂತ.

ಒಬ್ಬರನ್ನೊಬ್ಬರು ಕಾಣದ ಮೂವರು ಅಲ್ಲಿ ಮಾತಾಡಿದ್ದರು. ಅಂಥ ಎಷ್ಟು ಮಾತುಗಳನ್ನು ಇಷ್ಟು ವರ್ಷ ನಾವೇ ಅಳಿಸಿದ್ದೇವೋ ಏನೋ! ಅವು ಇನ್ನು ಸಿಗುವುದಿಲ್ಲ. ಬರೆದವರಲ್ಲಿ ಮನಸಾರೆ ಕ್ಷಮೆ ಕೇಳುತ್ತೇವೆ.

ಕಾದಂಬರಿ ಬಂದದ್ದು 1933ರಲ್ಲಿ. ಚೋಮ ಮೂಲದಾಳು, ಅಂದರೆ ಒಡೆಯರ ಮನೆಗೆ ಕಟ್ಟುಬಿದ್ದ ಆಳು. ಅವನ ಹತ್ತಿರ ಎರಡು ಎತ್ತುಗಳಿವೆ. ಉಳಲು ಭೂಮಿಯಿಲ್ಲ. ಒಂದು ತುಂಡು ಗದ್ದೆ ಸಿಕ್ಕರೆ ಸಾಕು ಎಂಬುದು ಅವನ ಆಸೆ. ಒಡೆಯ ಸಂಕಪ್ಪಯ್ಯ ಕೆಟ್ಟವರೇನಲ್ಲ. ಆದರೂ ಮುಟ್ಟಬಾರದ ಜಾತಿಯವನು ಅಂತ ಚೋಮನಿಗೆ ಗದ್ದೆ ಸಿಗುವುದಿಲ್ಲ. ಸಾಲ ತೀರಿಸಲು ಮಕ್ಕಳು ಘಟ್ಟದ ಕಾಫಿ ತೋಟಕ್ಕೆ ಹೋಗುತ್ತಾರೆ. ಬಿ. ವಿ. ಕಾರಂತರು 1975ರಲ್ಲಿ ಇದನ್ನು ಸಿನಿಮಾ ಮಾಡಿದರು. ನಿಮ್ಮಲ್ಲಿ ಹಲವರಿಗೆ ಕತೆ ಅಲ್ಲಿಂದಲೇ ಗೊತ್ತಿರಬಹುದು. ಗೊತ್ತಿದ್ದರೂ ಪುಸ್ತಕ ಓದಿ. ಚಿಕ್ಕದು, ಎರಡು ಸಂಜೆಗೆ ಮುಗಿಯುತ್ತದೆ.

ಪ್ರಯೋಗ ಅಂತ ಮೂರು ತಿಂಗಳ ಹಿಂದೆ ಒಂದು ಪ್ರತಿಯ ಜೊತೆ ನೋಟ್‌ಬುಕ್ ಕಳಿಸಿದ್ದೆವು. ಅದು ಒಂಬತ್ತು ಮನೆ ಸುತ್ತಿ ಬಂತು. ಅದರಲ್ಲಿ ಜಾಸ್ತಿ ಜಗಳ ಸಂಕಪ್ಪಯ್ಯನ ಬಗ್ಗೆ. ಒಳ್ಳೆಯ ಮನಸ್ಸಿದ್ದೂ ಕೊಡದವರು ಕೆಟ್ಟವರಿಗಿಂತ ಹೇಗೆ ಬೇರೆ ಅಂತ ಒಬ್ಬರು ಬರೆದಿದ್ದಾರೆ. ಊರನ್ನು ಎದುರು ಹಾಕಿಕೊಳ್ಳುವುದು ಅಷ್ಟು ಸುಲಭ ಅಲ್ಲ ಅಂತ ಇನ್ನೊಬ್ಬರು. ಮಗಳು ಬೆಳ್ಳಿಯನ್ನು ಚೋಮ ಮನೆಯಿಂದ ಹೊರಗೆ ಹಾಕಿದ್ದನ್ನು ಒಪ್ಪಲಾರೆ, ಸಾಲ ತೀರಿದ್ದೇ ಅವಳ ದೆಸೆಯಿಂದ ಅಲ್ವಾ ಅಂತ ಒಬ್ಬ ತಾಯಿ ಒಂದೂವರೆ ಪುಟ ಬರೆದಿದ್ದಾರೆ.

ನಮ್ಮನ್ನು ತುಂಬಾ ಕಾಡಿದ್ದು ಏಳನೇ ಮನೆಯವರು ಬರೆದದ್ದು. 1974ರ ಭೂಸುಧಾರಣೆ ಬಂದಾಗ ಅವರ ತಂದೆ ಡಿಕ್ಲರೇಷನ್, ಅಂದರೆ ಗೇಣಿಯ ಗದ್ದೆ ತಮ್ಮ ಹೆಸರಿಗೆ ಆಗಬೇಕು ಎಂಬ ಅರ್ಜಿ, ಹಾಕಿದ್ದರಂತೆ. ಗೇಣಿಗೆ ಮಾಡುತ್ತಿದ್ದ ಗದ್ದೆ ಸ್ವಂತದ್ದಾಯಿತು. ಉಳುವವನೇ ಹೊಲದೊಡೆಯ ಎಂಬ ಮಾತು ಅವರ ಮನೆಯಲ್ಲಿ ನಿಜವಾಯಿತು. ಚೋಮ ಆವರೆಗೆ ಬದುಕಿದ್ದಿದ್ದರೆ ಅವನಿಗೂ ಸಿಗುತ್ತಿತ್ತು ಅಂದುಕೊಂಡೇ ಓದಲು ಶುರು ಮಾಡಿದರಂತೆ. ಅರ್ಧಕ್ಕೆ ಬಂದಾಗ ಹೊಳೆಯಿತು, ಚೋಮ ಗೇಣಿದಾರನಲ್ಲ, ಆಳು. ಡಿಕ್ಲರೇಷನ್ ಹಾಕಲು ಅವನ ಹೆಸರಿನಲ್ಲಿ ಗೇಣಿಯೇ ಇಲ್ಲ. ತಮ್ಮ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡಲು ಬರುತ್ತಿದ್ದವರಿಗೂ ಆಗ ಏನೂ ಸಿಗಲಿಲ್ಲ ಎಂಬುದು ಇಷ್ಟು ವರ್ಷ ತಲೆಗೇ ಹೋಗಿರಲಿಲ್ಲ ಅಂತ ಬರೆದಿದ್ದಾರೆ. ಆಮೇಲೆ ಅವರು ಪುಸ್ತಕ ಕೊಟ್ಟಿದ್ದು ಹಾಗೆ ನೆಡಲು ಬರುತ್ತಿದ್ದವರ ಮನೆಗೇ. ಎಂಟನೇ ಬರಹ ಅಲ್ಲಿಯದು. ಅದನ್ನು ಇಲ್ಲಿ ಹೇಳುವುದಿಲ್ಲ. ನೋಟ್‌ಬುಕ್ ನಿಮ್ಮ ಕೈಗೆ ಬಂದಾಗ ನೀವೇ ಓದಿ.

ನಾವು ಕೌಂಟರಿನಲ್ಲಿ ಕೂತು ಕೊಟ್ಟಿದ್ದರೆ ಪುಸ್ತಕ ಆ ಮನೆಗೆ ಹೋಗುತ್ತಿರಲಿಲ್ಲ. ಅವರು ನಮ್ಮ ಸದಸ್ಯರಲ್ಲ. ಅದಕ್ಕೇ ಈ ಬದಲಾವಣೆ.

ಇನ್ನು ವ್ಯವಸ್ಥೆಯ ಮಾತು. ಮೂರು ಪ್ರತಿಗಳು ಹೀಗೆ ತಿರುಗುತ್ತವೆ. ನಾಲ್ಕನೆಯದು ಹಳೇ ನಿಯಮದಂತೆ ಕಪಾಟಿನಲ್ಲೇ ಇರುತ್ತದೆ. ಯಾರದೂ ಬರಹ ಇಲ್ಲದ ಪುಸ್ತಕ ಬೇಕು ಅನ್ನುವವರೂ ಇದ್ದಾರೆ, ಅವರ ಮಾತೂ ಸರಿ. ಪುಸ್ತಕ ಕೊಟ್ಟ ಮೇಲೆ ನಮಗೊಂದು ಫೋನ್ ಮಾಡಿ, ಕೊಟ್ಟೆ ಅಂದರೆ ಸಾಕು. ಯಾರಿಗೆ ಅಂತ ಹೇಳುವುದು ನಿಮ್ಮಿಷ್ಟ. ನೋಟ್‌ಬುಕ್‌ನಲ್ಲಿ ಹೆಸರು ಹಾಕಬೇಕಾಗಿಲ್ಲ. ಬರೆಯಲು ಬಾರದವರು ಹೇಳಿದ್ದನ್ನು ಬೇರೆಯವರು ಬರೆದುಕೊಡಬಹುದು, ಆದರೆ ಅವರು ಹೇಳಿದ ಹಾಗೆಯೇ ಬರೆಯಿರಿ, ತಿದ್ದಬೇಡಿ. ಹಿಂದಿನವರು ಬರೆದದ್ದನ್ನು ಒಪ್ಪದಿದ್ದರೆ ಕೆಳಗೆ ನಿಮ್ಮ ಮಾತು ಬರೆಯಿರಿ. ಹೊಡೆದುಹಾಕಬೇಡಿ, ಹಾಳೆ ಹರಿಯಬೇಡಿ.

ಪುಸ್ತಕ ಕಳೆದುಹೋದರೆ ಚಿಂತೆಯಿಲ್ಲ, ಇನ್ನೊಂದು ಪ್ರತಿ ತರಿಸುತ್ತೇವೆ. ನೋಟ್‌ಬುಕ್ ಮಾತ್ರ ಜೋಪಾನ. ಅದು ತುಂಬಿದಾಗ ನಮಗೆ ತಲುಪಿಸಿ, ಹೊಸದು ಕೊಡುತ್ತೇವೆ. ತುಂಬಿದ್ದು ಓದುವ ಕೋಣೆಯಲ್ಲಿ ಎಲ್ಲರಿಗೂ ಸಿಗುತ್ತದೆ.

ಈ ಪುಸ್ತಕಕ್ಕೆ ಈ ವರ್ಷ ಯಾರು ದಂಡ ಕಟ್ಟಿದ್ದೀರೋ ಅವರು ರಸೀದಿ ತನ್ನಿ, ಹಣ ವಾಪಸ್ ಕೊಡುತ್ತೇವೆ. ರಸೀದಿ ಇಲ್ಲದಿದ್ದರೂ ಬನ್ನಿ, ರಿಜಿಸ್ಟರಿನಲ್ಲಿ ಹುಡುಕೋಣ.

ಇಂತಿ,
ನಿಮ್ಮ ಪುಸ್ತಕ ಸಹಕಾರಿಯ ಬಳಗ