ಹಳೆಯ ನರ್ಸ್‌ಗಳಿಗೂ ಓದಲು ರಜೆ ಬೇಕು

ಮಾನ್ಯ ಸಂಪಾದಕರೇ,

ನಾನು ತೀರ್ಥಹಳ್ಳಿ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ 17 ವರ್ಷದಿಂದ ನರ್ಸ್ ಆಗಿದ್ದೇನೆ. ಓದಿದ್ದು ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ.

ಹೋದ ಮಳೆಗಾಲದ ಒಂದು ರಾತ್ರಿ, ತೋಟದಲ್ಲಿ ಹಾವು ಕಚ್ಚಿದವರೊಬ್ಬರನ್ನು ಜೀಪಿನಲ್ಲಿ ಕರೆತಂದರು. ವಾರ್ಡಿನಲ್ಲಿ 24 ರೋಗಿಗಳಿದ್ದರು. ನರ್ಸ್ ಅಂತ ಇದ್ದದ್ದು ನಾನೊಬ್ಬಳೇ, ಜೊತೆಗೊಬ್ಬರು ಆಯಾ. ಡಾಕ್ಟರ್ ಮನೆಯಿಂದ ಹೊರಟಿದ್ದರು. ಅವರು ಫೋನಿನಲ್ಲಿ ಹೇಳಿದಂತೆ ರಕ್ತ ತೆಗೆದು, ಒಣಗಿದ ಗಾಜಿನ ಟ್ಯೂಬಿಗೆ ಹಾಕಿ, ಅಲುಗಿಸದೆ ಇಟ್ಟೆ. 20 ನಿಮಿಷವಾದರೂ ಹೆಪ್ಪುಗಟ್ಟಲಿಲ್ಲ. ವಿಷ ಏರಿದೆ ಅಂತ ಗೊತ್ತಾಯಿತು. ಡಾಕ್ಟರ್ ಬಂದು ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ, ಶುರು ಮಾಡಿಸಿದರು. ಅದನ್ನು ಹಾಕಿದ ಮೇಲೆ ರೋಗಿಯ ಪಕ್ಕ ಬಿಟ್ಟು ಕದಲಬಾರದು. ಮೈಯೆಲ್ಲಾ ದದ್ದು ಏಳಬಹುದು, ನಡುಕ ಬರಬಹುದು, ಬಿಪಿ ಥಟ್ಟನೆ ಇಳಿಯಬಹುದು. ಹಾಗಾದರೆ ತಕ್ಷಣ ಕೊಡಲು ಅಡ್ರಿನಾಲಿನ್ ಇಂಜೆಕ್ಷನ್ ಕೈಗೆ ಸಿಗುವಂತೆ ಇಟ್ಟುಕೊಂಡಿರಬೇಕು. ಅದೇ ಹೊತ್ತಿಗೆ ಕೊನೆಯ ಬೆಡ್ಡಿನ ಅಜ್ಜಿಯ ಡ್ರಿಪ್ ಖಾಲಿಯಾಗಿ ಪೈಪಿನಲ್ಲಿ ರಕ್ತ ಹಿಂದೆ ಬಂದಿತ್ತು. ಮಗಳು ನನ್ನ ಮೇಲೆ ಕೂಗಾಡಿದರು. ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ಅವರ ತಾಯಿ ಅಲ್ವಾ?

ಆ ಟ್ಯೂಬಿನ ಪರೀಕ್ಷೆಯನ್ನು ನನಗೆ ಕಲಿಸಿದ್ದು ಹಿರಿಯ ಸಿಸ್ಟರ್ ಒಬ್ಬರು. ನಾನೂ ಎಷ್ಟೋ ಹುಡುಗಿಯರಿಗೆ ಕಲಿಸಿದೆ. ವರ್ಷ, ಎರಡು ವರ್ಷ ಇದ್ದು ಬೆಂಗಳೂರಿಗೋ ದುಬೈಗೋ ಹೋಗುತ್ತಾರೆ. ಹೋಗಬೇಡಿ ಅಂತ ಯಾವ ಬಾಯಲ್ಲಿ ಹೇಳಲಿ? 50 ಹಾಸಿಗೆಗಿಂತ ಚಿಕ್ಕ ಆಸ್ಪತ್ರೆಯಲ್ಲೂ ನರ್ಸ್‌ಗೆ ತಿಂಗಳಿಗೆ 20 ಸಾವಿರಕ್ಕಿಂತ ಕಡಿಮೆ ಕೊಡಬಾರದು ಎಂದು ಸುಪ್ರೀಂ ಕೋರ್ಟಿನ 2016ರ ಆದೇಶದ ಮೇಲೆ ನೇಮಿಸಿದ ಸಮಿತಿಯೇ ಹೇಳಿದೆ. ನಮ್ಮಲ್ಲಿ ಹೊಸಬರಿಗೆ ಇವತ್ತಿಗೂ ಅಷ್ಟು ಸಿಗುವುದಿಲ್ಲ.

ಆದರೆ ನಾನು ಬರೆಯಲು ಕೂತದ್ದು ಬರೀ ಸಂಬಳಕ್ಕಲ್ಲ. ಮೂರು ವರ್ಷದ ಹಿಂದೆ ವಾರ್ಡ್ ಇನ್‌ಚಾರ್ಜ್ ಜಾಗ ಖಾಲಿಯಾಯಿತು. ನನಗಿಂತ ಎಂಟು ವರ್ಷ ಚಿಕ್ಕವಳಿಗೆ ಕೊಟ್ಟರು, ಅವಳದ್ದು ಬಿಎಸ್ಸಿ. ಒಳ್ಳೆಯ ಕೆಲಸಗಾರ್ತಿ, ಅವಳ ಮೇಲೆ ನನಗೆ ಬೇಸರವಿಲ್ಲ. ನಾನೂ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡುತ್ತೇನೆ, ರಜೆ ಕೊಡಿ ಎಂದು ಕೇಳಿದೆ. ಅದು ಡಿಪ್ಲೊಮಾ ಆದವರು ಎರಡು ವರ್ಷ ದಿನಾ ಕಾಲೇಜಿಗೆ ಹೋಗಿ ಓದುವ ಡಿಗ್ರಿ ಕೋರ್ಸು. ‘ಓದುವುದಾದರೆ ಕೆಲಸ ಬಿಟ್ಟು ಓದಿ’ ಎಂದರು. ಎಲೆಚುಕ್ಕೆ ರೋಗ ಬಂದು ನಮ್ಮ ಅಡಿಕೆ ತೋಟದ ಫಸಲು ಅರ್ಧಕ್ಕೆ ಇಳಿದಿದೆ. ಮಗಳು ಪಿಯುಸಿ. ಕೆಲಸ ಬಿಡುವುದು ಹೇಗೆ?

ಹತ್ತು ವರ್ಷ ದುಡಿದ ನರ್ಸ್‌ಗೆ ಅರ್ಧ ಸಂಬಳದ ಓದಿನ ರಜೆ ಕೊಡಲಿ. ಓದು ಮುಗಿಸಿ ಮೂರು ವರ್ಷ ಅಲ್ಲೇ ಕೆಲಸ ಮಾಡುತ್ತೇವೆ ಎಂದು ಬರೆದುಕೊಡಲು ನಾವು ತಯಾರು. ಚಿಕ್ಕ ಆಸ್ಪತ್ರೆಗಳಿಗೆ ಇದು ಹೊರೆ, ಹಾಗಾಗಿ ಸರ್ಕಾರವೂ ಒಂದು ಪಾಲು ಹೊರಬೇಕು. ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆ ಇರುವ ಶಿವಮೊಗ್ಗದಲ್ಲೇ, ಕೆಲಸದಲ್ಲಿರುವವರಿಗೆ ಅಂತಲೇ ತುರ್ತು ಚಿಕಿತ್ಸೆ, ಐಸಿಯು ಕೋರ್ಸುಗಳ ಸೀಟು ಇಡಲಿ. ಅದಕ್ಕೆಲ್ಲ ಸಮಯ ಬೇಕು ಎನ್ನುವುದಾದರೆ, ಪ್ರತಿ ನವೆಂಬರ್‌ನಲ್ಲಿ, ಮಂಗನ ಕಾಯಿಲೆ ಶುರುವಾಗುವ ಮೊದಲು, ತಾಲ್ಲೂಕುಗಳ ನರ್ಸ್‌ಗಳನ್ನು ಸರ್ಕಾರಿ, ಖಾಸಗಿ ಎನ್ನದೆ ಎರಡು ವಾರ ಅಲ್ಲಿಗೆ ತರಬೇತಿಗೆ ಕಳಿಸಲಿ.

ನನಗೀಗ 41. ಅರ್ಜಿ ಕರೆದರೆ ಈ ವರ್ಷವೇ ಹಾಕುತ್ತೇನೆ.

– ಒಬ್ಬ ನರ್ಸ್, ತೀರ್ಥಹಳ್ಳಿ ತಾಲ್ಲೂಕು